ಪಂಚಾಕ್ಷರಪ್ಪನವರ ಟಿವಿ ಗೇಮು ಹೊಗೆಯಾಡಿದ ಪ್ರಸಂಗ

ನ್ಯಾಮತಿಯ ಪೇಟೆ ಬೀದಿಯಲ್ಲಿ ಪುಸ್ತಕ, ಸ್ಲೇಟು, ಪಂಚಾಂಗ, ಪೇಪರು ಮಾರುವ ಪಂಚಾಕ್ಷರಪ್ಪನವರಿಗೆ ಅಚ್ಚಾದ ಅಕ್ಷರದ ಮೇಲೆ ಇದ್ದ ನಂಬಿಕೆ ತಮ್ಮ ಎರಡು ಕಣ್ಣುಗಳ ಮೇಲೂ ಇರಲಿಲ್ಲ. ಹೆಂಡತಿ ಕೊಟ್ರಮ್ಮ ಹಿತ್ತಿಲಿಂದ, "ಮೋಡ ಕಟ್ಟೈತೆ, ಕೊಡೆ ತಗೊಂಡು ಹೋಗ್ರೀ" ಎಂದರೆ, ಇವರು ಆಕಾಶದ ಕಡೆ ತಲೆ ಎತ್ತದೆ ಪೇಪರು ಬಿಡಿಸುವರು. ಅದರಲ್ಲಿ ಒಣ ಹವೆ ಎಂದಿದ್ದರೆ ಕೊಡೆ ಮೂಲೆಯಲ್ಲೇ ಉಳಿಯುತ್ತಿತ್ತು. ಸಂಜೆ ತೊಯ್ದು ತೊಪ್ಪೆಯಾಗಿ ಮನೆಗೆ ಬಂದು, ತಲೆ ಒರೆಸಿಕೊಳ್ಳುತ್ತ, "ಇದು ಲೆಕ್ಕಕ್ಕಿಲ್ಲದ ಮಳೆ ಕಣೇ" ಎಂದು ಹೆಂಡತಿಗೇ ತಿಳಿವಳಿಕೆ ಹೇಳುವರು.

ಇಂಥ ಮನುಷ್ಯ ಟಿವಿ ಗೇಮಿನ ಸಹವಾಸಕ್ಕೆ ಬಿದ್ದದ್ದಕ್ಕೆ ಎದುರು ಮನೆಯ ಮುಂದಿನ ಚಪ್ಪಲಿಗಳೇ ಕಾರಣ. ಆ ಮನೆ ಗೊಬ್ಬರದ ಅಂಗಡಿಯ ಮಹೇಶ್ವರಪ್ಪನವರದು. ಬೀದಿಗೆ ಮೊದಲ ಟಿವಿ ತಂದವರು ಅವರು. ಭಾನುವಾರ ಬೆಳಿಗ್ಗೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಅವರ ಬಾಗಿಲ ಮುಂದೆ ಚಪ್ಪಲಿಗಳ ಗುಡ್ಡೆ ಬೀಳುತ್ತಿತ್ತು. ಪಂಚಾಕ್ಷರಪ್ಪನವರೂ ಹಟ ಹಿಡಿದು ಒಂದು ಕಪ್ಪು ಬಿಳುಪು ಟಿವಿ ತಂದರು. ಬೀದಿಯವರು ಬಂದು ನೋಡಿದರು. "ಚಲೋ ಐತೆ ಬಿಡ್ರಿ" ಎಂದು ಹೊಗಳಿ ಮತ್ತೆ ಎದುರು ಮನೆಗೇ ಹೋಗಿ ಕೂತರು. ಕೂತು ರೂಢಿಯಾದ ಜಾಗ ಬಿಡುವುದು ಯಾರಿಗೂ ಸುಲಭವಲ್ಲ. ಪಂಚಾಕ್ಷರಪ್ಪನವರ ಬಾಗಿಲ ಮುಂದೆ ಎರಡೇ ಜೊತೆ ಚಪ್ಪಲಿ: ತಮ್ಮದೊಂದು, ಕೊಟ್ರಮ್ಮನವರದೊಂದು. ಭಾನುವಾರ ಕೊಟ್ರಮ್ಮನವರ ಜೊತೆಯೂ ಎದುರು ಮನೆಯ ಗುಡ್ಡೆಗೆ ಸೇರುತ್ತಿತ್ತು.

ಎಂಬತ್ತೇಳರ ದಸರೆ ಹತ್ತಿರ ಬಂದಾಗ ಅವರು ಬಸ್ಸು ಹತ್ತಿ ಹೊನ್ನಾಳಿಗೆ ಹೋದರು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ತಿಪ್ಪೇಶಪ್ಪನವರ ರೇಡಿಯೋ ರಿಪೇರಿ ಅಂಗಡಿ. ತಿಪ್ಪೇಶಪ್ಪ ಕಡಿಮೆ ಮಾತಿನ ಮನುಷ್ಯ. ಅವರು ಬೊಂಬಾಯಿಂದ ಒಂದು ಟಿವಿ ಗೇಮು ತರಿಸಿಟ್ಟಿದ್ದರು. ಟಿಫನ್ ಕ್ಯಾರಿಯರ್ ಮಲಗಿಸಿದಷ್ಟು ದೊಡ್ಡ ಕಪ್ಪು ಡಬ್ಬಿ, ಮೇಲೆ ಸಾಲಾಗಿ ತೂತುಗಳು, ಮಧ್ಯದಲ್ಲಿ ಆಟದ ಕ್ಯಾಸೆಟ್ಟು ಸಿಕ್ಕಿಸುವ ಸಂದು, ಆಡಲು ಎರಡು ಹಿಡಿಕೆ.

"ಇದನ್ನ ಟೀವಿಗೆ ಸಿಕ್ಕಿಸಿದ್ರೆ ತೆರೆ ಮ್ಯಾಲೆ ಚೆಂಡಾಟ ಆಡಬಹುದು ರೀ. ಒಂದೇ ಮಾತು ನೆನಪಿಡ್ರಿ, ಇದು ಬಿಸಿ ಆಗ್ತೈತೆ. ಈ ತೂತಿನಾಗೆ ಗಾಳಿ ಆಡಬೇಕು. ಮ್ಯಾಲೆ ಏನೂ ಮುಚ್ಚಬ್ಯಾಡ್ರಿ, ಒಳಗೆ ಏನೂ ಬೀಳಿಸಬ್ಯಾಡ್ರಿ" ಎಂದರು ತಿಪ್ಪೇಶಪ್ಪ.

"ಅದನ್ನ ಪುಸ್ತಕದಾಗೆ ಬರ್ದಾರಾ?"

"ಪುಸ್ತಕ ಜಪಾನಿ ಭಾಷೆಯಾಗೈತೆ ರೀ. ಅದಕ್ಕೇ ಬಾಯಾಗೆ ಹೇಳ್ತಿದೀನಿ."

ಬಾಯಲ್ಲಿ ಹೇಳಿದ್ದನ್ನು ನೆನಪಿಡುವ ಅಭ್ಯಾಸ ಪಂಚಾಕ್ಷರಪ್ಪನವರಿಗೆ ಇರಲಿಲ್ಲ. ನ್ಯಾಮತಿ ಬರುವುದರೊಳಗೆ ಆ ಮಾತು ಬಸ್ಸಿನ ಕಿಟಕಿಯಿಂದ ಹಾರಿಹೋಗಿತ್ತು.

ಮನೆಯಲ್ಲಿ ಆಯುಧಪೂಜೆ. ಹೊಸ ಯಂತ್ರವೆಂದ ಮೇಲೆ ಪೂಜೆಯಾಗದೆ ಮುಟ್ಟುವುದುಂಟೆ? ಕೊಟ್ರಮ್ಮ ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ಈಳಿಗೆ ಮಣೆಗೆ ಹಚ್ಚಿದಂತೆ ಡಬ್ಬಿಯ ಮೇಲೂ ಮೂರು ಬೆರಳಿನಿಂದ ಧಾರಾಳವಾಗಿ ವಿಭೂತಿ ಎಳೆದರು. ಕುಂಕುಮ ಇಟ್ಟು, ಪತ್ರೆ ದಾಸವಾಳ ಏರಿಸಿ, ಅಕ್ಷತೆ ಹಾಕಿದರು. ಊದಿನಕಡ್ಡಿ ಸಿಕ್ಕಿಸಲು ಜಾಗ ಹುಡುಕಬೇಕಾಗಲೇ ಇಲ್ಲ. ಮೇಲಿನ ತೂತುಗಳು ಅದಕ್ಕೆಂದೇ ಕೊರೆಸಿದಂತಿದ್ದವು. "ಎಷ್ಟು ಅನುಕೂಲ ಮಾಡ್ಯಾರೆ ನೋಡ್ರಿ ಜಪಾನಿನವರು" ಎಂದು ಮೆಚ್ಚಿಕೊಂಡರು. ಆಮೇಲೆ ಧೂಳು ಕೂರದಿರಲೆಂದು ತಾವೇ ಹೆಣೆದ ಕ್ರೋಷಾ ವಸ್ತ್ರ ಹೊದಿಸಿದರು.

ಮರುದಿನದಿಂದಲೇ ಬೀದಿ ದಿಕ್ಕು ಬದಲಿಸಿತು. ಚೆಂಡು ಟಕ್ಕೆಂದು ಗೋಡೆಗೆ ಬಡಿದು ಹಿಂದಿರುಗುವುದನ್ನು ನೋಡಲು ಪಂಚಾಕ್ಷರಪ್ಪನವರ ಮನೆ ತುಂಬಿಹೋಯಿತು. ಅವರು ಆಟ ನೋಡಲಿಲ್ಲ. ಬಾಗಿಲಿಗೆ ಬಂದು ಚಪ್ಪಲಿ ಎಣಿಸಿದರು. ನಲವತ್ತೊಂದು ಜೊತೆ, ಮೇಲೆ ಒಂಟಿ ಒಂದು. ಆ ರಾತ್ರಿ ಅವರು ಮಗ್ಗುಲು ಬದಲಿಸದೆ ಮಲಗಿದರು.

ಎರಡು ತಿಂಗಳು ಈ ವೈಭವ ನಡೆಯಿತು. ಕೊಟ್ರಮ್ಮನವರು ಪ್ರತಿ ಸೋಮವಾರ ಸಂಜೆ ತಪ್ಪದೆ ಡಬ್ಬಿಗೆ ವಿಭೂತಿ, ಪತ್ರೆ, ಊದಿನಕಡ್ಡಿ ಏರಿಸಿದರು. ಅಂಥದೇ ಒಂದು ಸೋಮವಾರ ಸಂಜೆ ಮಹೇಶ್ವರಪ್ಪನವರೇ ಹಿಡಿಕೆ ಹಿಡಿದು ಕೂತಿದ್ದರು. ಗೆಲ್ಲಲು ಇನ್ನೊಂದೇ ಚೆಂಡು ಬಾಕಿ. ತೆರೆ ಗಡಗಡ ನಡುಗಿತು. ಒಂದು ಚೆಂಡು ನಾಲ್ಕಾಯಿತು, ನಾಲ್ಕೂ ಮಾಯವಾದವು. ಡಬ್ಬಿಯ ನೆತ್ತಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಸುಟ್ಟೋತು! ಓಡ್ರೋ!" ಎಂದು ಕೂಗಿ ಮಹೇಶ್ವರಪ್ಪ ಯಾರದೋ ಚಪ್ಪಲಿ ಮೆಟ್ಟಿ ಬೀದಿಗೆ ಹಾರಿದರು. ಹಿಂದೆಯೇ ಬೀದಿಯೂ ಹಾರಿತು. ಆ ಹೊಗೆ ಪೂಜೆಯ ಹೊತ್ತಿನಿಂದಲೂ ಏಳುತ್ತಿತ್ತು ಎಂಬುದು ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

"ತಂದಲ್ಲಿಗೇ ತಗೊಂಡು ಹೋಗಿ ತೋರಿಸ್ರೀ" ಎಂದರು ಕೊಟ್ರಮ್ಮ.

"ಹಂಗೆಲ್ಲ ಸುಮ್ನೆ ತೋರಿಸಾಕೆ ಆಗಲ್ಲ. ಗ್ರಾಹಕರಿಗೆ ಈಗ ಹಕ್ಕು ಬಂದೈತೆ, ಹೊಸ ಕಾಯ್ದೆ ಆಗೈತೆ."

"ಯಾರು ಹೇಳಿದ್ರು?"

"ಪೇಪರಿನಾಗೆ ಬಂದೈತೆ."

ಪೇಪರೆಂದರೆ ಹೊನ್ನಾಳಿಯಿಂದ ಬರುತ್ತಿದ್ದ 'ಗ್ರಾಹಕ ಕಹಳೆ' ಎಂಬ ನಾಲ್ಕು ಪುಟದ ವಾರಪತ್ರಿಕೆ. ಅದರ ಸಂಪಾದಕರು, ವರದಿಗಾರರು, ಪ್ರೂಫು ನೋಡುವವರು ಎಲ್ಲರೂ ಮಲ್ಲಿಕಾರ್ಜುನಪ್ಪ ಎಂಬ ಒಬ್ಬರೇ. ಬೆಂಕಿಪೊಟ್ಟಣದಲ್ಲಿ ಎರಡು ಕಡ್ಡಿ ಕಡಿಮೆ ಇದ್ದರೆ ಮುಖಪುಟದಲ್ಲಿ ಗುಡುಗುತ್ತಿದ್ದ ಧೀರರು. ಪಂಚಾಕ್ಷರಪ್ಪ ಅವರಿಗೆ ಮೂರು ಪುಟದ ಪತ್ರ ಬರೆದರು. "ಸದರಿ ಯಂತ್ರವು ತೆಳುವಾದ, ಸುವಾಸನೆಯುಳ್ಳ ಹೊಗೆಯನ್ನು ಬಿಡುತ್ತ ಸ್ತಬ್ಧವಾಯಿತೆಂದು ತಿಳಿಸಲು ವಿಷಾದಿಸುತ್ತೇನೆ." ಸುವಾಸನೆ ಎಂಬ ಪದಕ್ಕೆ ಜಾಗ ಸಾಲಲಿಲ್ಲವೆಂದು ಸಂಪಾದಕರು ಅದನ್ನು ತೆಗೆದರು. "ಹೊಗೆಯುಗುಳಿದ ಟಿವಿ ಗೇಮು: ನ್ಯಾಮತಿ ಗ್ರಾಹಕ ಕಂಗಾಲು" ಎಂಬ ತಲೆಬರಹದಲ್ಲಿ ಸುದ್ದಿ ಬಂತು. ತಮ್ಮ ಹೆಸರು ಅಚ್ಚಾದದ್ದು ನೋಡಿ ಪಂಚಾಕ್ಷರಪ್ಪನವರಿಗೆ ಕೆಟ್ಟ ಡಬ್ಬಿಯ ದುಃಖ ಅರ್ಧ ಇಳಿಯಿತು.

ಆ ವಾರ ಪತ್ರಿಕೆ ಚೆನ್ನಾಗಿ ಖರ್ಚಾಯಿತು. ಖರ್ಚಾದ ಸುದ್ದಿಯನ್ನು ಒಂದೇ ವಾರಕ್ಕೆ ಬಿಡುವಷ್ಟು ಮಲ್ಲಿಕಾರ್ಜುನಪ್ಪ ದಡ್ಡರಲ್ಲ. ಎರಡನೆಯ ವಾರ: "ಕಿಡಿ ಕಾರಿದ ಡಬ್ಬಿ! ಕೂದಲೆಳೆಯಲ್ಲಿ ಪಾರಾದ ಕುಟುಂಬ!"

ಪಂಚಾಕ್ಷರಪ್ಪ ಓದಿ ಗಾಬರಿಯಾದರು. "ಕಿಡಿ ಹಾರಿತ್ತೇನೇ?"

"ಎಲ್ಲಿ ಕಿಡಿ? ನಾನು ಅಲ್ಲೇ ಇದ್ದೆನಲ್ರೀ."

"ಅಚ್ಚಾಗೈತಲ್ಲೇ."

ಟಾರ್ಚು ಹಿಡಿದು ಗೋಡೆಯೆಲ್ಲ ಹುಡುಕಿದರು. ದೀಪದ ಗೂಡಿನ ಮೇಲೆ, ಅವರ ತಾತನ ಕಾಲದ ಮಸಿಯೊಂದು ಸಿಕ್ಕಿತು. "ಇಲ್ಲೈತೆ ನೋಡು!" ಎಂದರು. ಸಂಜೆಯ ಹೊತ್ತಿಗೆ ಅಂಗಡಿಗೆ ಬಂದವರಿಗೆಲ್ಲ ಕಿಡಿ ಯಾವ ಬಣ್ಣದ್ದು, ಎಷ್ಟು ಎತ್ತರ ಹಾರಿತು ಎಂದು ವಿವರಿಸತೊಡಗಿದ್ದರು. ಪಾಪ, ಸುಳ್ಳು ಹೇಳುವ ಮನುಷ್ಯನಲ್ಲ. ಓದಿದ್ದನ್ನು ನೆನಪೆಂದು ತಿಳಿದಿದ್ದರು, ಅಷ್ಟೇ.

ಜಗಳೂರಿನಲ್ಲಿದ್ದ ಅಕ್ಕ ಸಿದ್ದಲಿಂಗಮ್ಮನವರಿಗೆ ಈ ಸುದ್ದಿ ಮಂಡಕ್ಕಿ ಪೊಟ್ಟಣದ ಮೂಲಕ ತಲುಪಿತು. ಪೊಟ್ಟಣದ ಕಾಗದ "ಪಾರಾದ" ಎಂಬ ಪದಕ್ಕೆ ಮುಂಚೆಯೇ ಹರಿದಿತ್ತು. ಮೂರು ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡು, ಬೀದಿಯ ತುದಿಯಿಂದಲೇ "ಅಯ್ಯೋ ನನ್ನ ತಮ್ಮಾ!" ಎಂದು ದನಿ ಎತ್ತಿ ಬಂದರು. ತಮ್ಮ ಪಡಸಾಲೆಯಲ್ಲಿ ಕೂತು ಮಿರ್ಚಿ ಕಡಿಯುತ್ತಿದ್ದರು.

"ಏನೋ ಪಂಚಾಕ್ಷರಿ, ಚೆನ್ನಾಗೇ ಇದೀಯಲ್ಲೋ!" ಸಿದ್ದಲಿಂಗಮ್ಮನವರ ದನಿಯಲ್ಲಿ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಿತ್ತು. "ಸುಟ್ಟ ಗಾಯನಾದ್ರೂ ತೋರ್ಸು. ಊರಿಗೆ ಹೋಗಿ ಏನಂತ ಹೇಳಲಿ?"

"ಕೂದಲೆಳೆಯಾಗೆ ಪಾರಾದೆ ಅಕ್ಕಾ."

"ಕೂದಲು ಎಲ್ಲೈತೋ ನಿನ್ನ ತಲ್ಯಾಗೆ?"

ಮೂರನೆಯ ವಾರ 'ಗ್ರಾಹಕ ಕಹಳೆ' ವೈಜ್ಞಾನಿಕವಾಯಿತು. "ನಮ್ಮ ಸಮೀಕ್ಷೆ: ತಾಲ್ಲೂಕಿನ ಟಿವಿ ಗೇಮುಗಳಲ್ಲಿ ಶೇಕಡಾ ನೂರು ಕೆಟ್ಟಿವೆ!" ಈ ಅಂಕಿಯಲ್ಲಿ ಸುಳ್ಳಿರಲಿಲ್ಲ. ತಾಲ್ಲೂಕಿನಲ್ಲಿ ಇದ್ದದ್ದು ಒಂದೇ ಗೇಮು. ಕೆಳಗೆ ದಪ್ಪ ಅಕ್ಷರದಲ್ಲಿ, "ಬಸ್ ಸ್ಟ್ಯಾಂಡಿನ ಹಿಂದಿನ ರೇಡಿಯೋ ಅಂಗಡಿಯವರೇ, ಉತ್ತರ ಕೊಡಿ" ಎಂದಿತ್ತು.

ಶನಿವಾರ ಲೈನ್‌ಮನ್ ಚಿಕ್ಕಹನುಮಂತಪ್ಪ ಏಣಿ ಹೊತ್ತು ಬಂದರು. ಅವರ ಜೇಬಿನಲ್ಲೂ ಪತ್ರಿಕೆ. "ಮ್ಯಾಲಿಂದ ಹೇಳ್ಯಾರೆ ರೀ. ಕಿಡಿ ಹಾರೋ ಮಿಷನ್ ಚೆಕ್ ಆಗೋ ತನಕ ಫ್ಯೂಸ್ ತೆಗೀಬೇಕಂತೆ" ಎಂದು ಕಂಬ ಹತ್ತಿದರು. ಆ ಕಂಬದ ಫ್ಯೂಸು ಬರೀ ಒಂದು ಮನೆಯದಲ್ಲ, ಇಡೀ ಸಾಲಿನದು. ಮರುದಿನ ಭಾನುವಾರ. ಬೀದಿಯ ಹೆಂಗಸರು ಸೌಟು ಲಟ್ಟಣಿಗೆ ಕೆಳಗಿಡದೆ ಹಾಗೇ ಬಂದು ಪಂಚಾಕ್ಷರಪ್ಪನವರ ಬಾಗಿಲಲ್ಲಿ ನಿಂತರು.

"ಈ ಸಲ ಯುದ್ಧ ಐತೆ ರೀ ಧಾರಾವಾಹಿಯಾಗೆ!" ಎಂದರು ಒಬ್ಬರು.

"ಅದು ತಪ್ಪಿದ್ರೆ ಇಲ್ಲೇ ನಡೀತೈತೆ" ಎಂದರು ಇನ್ನೊಬ್ಬರು.

ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಚೀಲ ಹೆಗಲಿಗೆ ಹಾಕಿಕೊಂಡು ತಿಪ್ಪೇಶಪ್ಪ ಬಂದಿಳಿದರು. ಬೀದಿಯೆಲ್ಲ ಸೇರಿತ್ತು, ಏಣಿ ಸಮೇತ ಚಿಕ್ಕಹನುಮಂತಪ್ಪನವರೂ ಇದ್ದರು. ಕ್ಯಾಮೆರಾ ನೇತುಹಾಕಿಕೊಂಡು ಸಂಪಾದಕ ಮಲ್ಲಿಕಾರ್ಜುನಪ್ಪನವರೂ ಅದೇ ಬಸ್ಸಿನಲ್ಲಿ ಬಂದಿದ್ದರು. ತಿಪ್ಪೇಶಪ್ಪ ಕಟ್ಟೆಯ ಮೇಲೆ ಚೀಲ ಇಟ್ಟರು. ಈ ಬೀದಿಯ ಎಷ್ಟೋ ರೇಡಿಯೋಗಳಿಗೆ ಅವರು ಜೀವ ಕೊಟ್ಟಿದ್ದರು, ಎಲ್ಲವೂ ಹೊರಗಿನ ಕಟ್ಟೆಯ ಮೇಲೆ. ಅವರ ಕೇರಿಯವರನ್ನು ಒಳಗೆ ಬನ್ನಿ ಎಂದು ಕರೆಯುವ ರೂಢಿ ಈ ಬೀದಿಗೆ ಇರಲಿಲ್ಲ. ಕರೆಯಲಿ ಎಂದು ಅವರು ಕಾದವರೂ ಅಲ್ಲ.

ಜಗಳವಾಡಲು ಬಂದರೆಂದು ಪಂಚಾಕ್ಷರಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ತಿಪ್ಪೇಶಪ್ಪನವರ ದನಿ ಏರಲಿಲ್ಲ.

"ಒಂದು ಕಾಗದ ಹಾಕಿದ್ರೂ ಬರ್ತಿದ್ದೆನಲ್ರೀ. ಹದಿನೈದು ದಿನದಿಂದ ನನ್ನ ಅಂಗಡಿ ಮೆಟ್ಟಿಲು ಯಾರೂ ಹತ್ತಿಲ್ಲ. ರಿಪೇರಿಗೆ ಕೊಟ್ಟಿದ್ದ ರೇಡಿಯೋನೂ ಬಿಚ್ಚಿದ್ದು ಬಿಚ್ಚಿದಂಗೇ ಹೊತ್ಕೊಂಡು ಹೋದ್ರು. ಹಿಂಗೇ ಆದ್ರೆ ಬರೋ ತಿಂಗಳು ಬಾಗಿಲು ಹಾಕ್ತೀನಿ. ಇರ್ಲಿ, ಡಬ್ಬಿ ಕೊಡ್ರಿ, ನೋಡಾನ."

ಪಂಚಾಕ್ಷರಪ್ಪ ಒಳಗಿನಿಂದ ಡಬ್ಬಿ ತಂದು ಕಟ್ಟೆಯ ಮೇಲೆ ಇಟ್ಟರು. ಪತ್ರಿಕೆಯಲ್ಲಿ ಅಂಗಡಿ ಎಂದು ಓದುವಾಗ ಅದರೊಳಗೆ ಒಬ್ಬ ಮನುಷ್ಯ ಕೂತಿರುತ್ತಾನೆಂದು ಅವರಿಗೆ ಹೊಳೆದಿರಲಿಲ್ಲ.

ತಿಪ್ಪೇಶಪ್ಪ ಸ್ಕ್ರೂಡ್ರೈವರ್ ತೆಗೆದು ನಾಲ್ಕು ಸ್ಕ್ರೂ ಬಿಚ್ಚಿದರು. ಮೇಲಿನ ಮುಚ್ಚಳ ಎತ್ತಿದರು. ಎಡಕ್ಕೆ ಪಂಚಾಕ್ಷರಪ್ಪ, ಬಲಕ್ಕೆ ಕೊಟ್ರಮ್ಮ ಬಗ್ಗಿ ನೋಡಿದರು. ಒಳಗೆ ಒಂದು ಪೂರ್ತಿ ಗುಡಿಯೇ ಇತ್ತು. ಬೆರಳ ದಪ್ಪ ವಿಭೂತಿ, ಊದಿನಕಡ್ಡಿಯ ಬೂದಿ, ಕುಂಕುಮ, ಒಣಗಿದ ದಾಸವಾಳದ ಎಸಳು, ಬಿಲ್ವಪತ್ರೆ ಒಂದು, ಅಕ್ಷತೆ ಏಳೆಂಟು ಕಾಳು. ಇರುವೆಗಳ ಸಾಲೊಂದು ಬಂದು ದರ್ಶನ ಮುಗಿಸಿ ಹೋಗುತ್ತಿತ್ತು. ಕ್ಯಾಸೆಟ್ಟು ಸಿಕ್ಕಿಸುವ ಸಂದು ಕಾಣಿಸುತ್ತಲೇ ಇರಲಿಲ್ಲ.

ಕೊಟ್ರಮ್ಮನವರು ತಮ್ಮ ಮೂರು ಬೆರಳುಗಳನ್ನು ನೋಡಿಕೊಂಡರು. ಪಂಚಾಕ್ಷರಪ್ಪನವರಿಗೆ ಹೊನ್ನಾಳಿಯ ಆ ಮಾತು, ಬಸ್ಸಿನ ಕಿಟಕಿಯಿಂದ ಹಾರಿಹೋಗಿದ್ದ ಮಾತು, ಅಕ್ಷರ ಅಕ್ಷರವಾಗಿ ತಿರುಗಿ ಬಂತು.

"ಏನ್ರೀ ದೋಷ? ಏನು ಕಾಣಿಸ್ತೈತೆ?" ಎಂದು ಸಂಪಾದಕರು ಕ್ಯಾಮೆರಾ ಎತ್ತಿ ಮುಂದೆ ನುಗ್ಗಿದರು. ಬೀದಿಯೆಲ್ಲ ಕತ್ತು ಚಾಚಿತು.

ಅದೊಂದು ಗಳಿಗೆ. ತಿಪ್ಪೇಶಪ್ಪ ಡಬ್ಬಿಯನ್ನು ಜನರ ಕಡೆ ಓರೆ ಮಾಡಿ ತೋರಿಸಿದ್ದರೆ ಸಾಕಿತ್ತು. ಅವರ ಅಂಗಡಿ ಉಳಿಯುತ್ತಿತ್ತು, ಪಂಚಾಕ್ಷರಪ್ಪ ದಂಪತಿಗಳು ಊರಿನ ಬಾಯಲ್ಲಿ ಹತ್ತು ವರ್ಷ ಉಳಿಯುತ್ತಿದ್ದರು. ತಿಪ್ಪೇಶಪ್ಪ ಒಮ್ಮೆ ಕೊಟ್ರಮ್ಮನವರ ಮುಖ ನೋಡಿದರು. ಡಬ್ಬಿಯನ್ನು ತಮ್ಮ ಎದೆಯ ಕಡೆಗೆ ತಿರುಗಿಸಿಕೊಂಡರು.

"ಧೂಳು ರೀ. ಬರೇ ಧೂಳು. ಯಾರ ತಪ್ಪೂ ಇಲ್ಲ" ಎಂದರು.

ಬ್ರಷ್ಷಿನಿಂದ ಉಜ್ಜಿದರು, ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿದರು, ಇರುವೆಗಳನ್ನು ಊದಿ ಕಳಿಸಿದರು. ಬಿಲ್ವಪತ್ರೆಯನ್ನು ಮಾತ್ರ ಎಸೆಯದೆ ಯಾರಿಗೂ ಕಾಣದಂತೆ ಕೊಟ್ರಮ್ಮನವರ ಅಂಗೈಗೆ ಹಾಕಿದರು. ಚಿಕ್ಕಹನುಮಂತಪ್ಪ ಫ್ಯೂಸು ಹಾಕಿದರು. ಪಂಚಾಕ್ಷರಪ್ಪ ಡಬ್ಬಿಯನ್ನು ಒಳಗೊಯ್ದು ಟಿವಿಗೆ ಸಿಕ್ಕಿಸಿದೊಡನೆ ತೆರೆಯ ಮೇಲೆ ಟಕ್ಕೆಂದು ಚೆಂಡು ಹಾರಿತು. ಬೀದಿ ಹೋ ಎಂದು ಕೂಗಿ, ಯುದ್ಧ ನೋಡಲು ಎದುರು ಮನೆಗೆ ಓಡಿತು.

ಪಂಚಾಕ್ಷರಪ್ಪ ಸಂಪಾದಕರ ತೋಳು ಹಿಡಿದರು. "ಸರಿ ಹೋತು ಅಂತ ಬರೀರಿ. ಇವರ ತಪ್ಪೇನೂ ಇಲ್ಲ ಅಂತ ದಪ್ಪ ಅಕ್ಷರದಾಗೆ ಹಾಕ್ರಿ."

ಮಲ್ಲಿಕಾರ್ಜುನಪ್ಪ ಕ್ಯಾಮೆರಾಕ್ಕೆ ಮುಚ್ಚಳ ಹಾಕಿದರು. "ಕೆಟ್ಟಿದ್ದು ಸುದ್ದಿ ಪಂಚಾಕ್ಷರಪ್ಪಾರೆ. ಸರಿ ಹೋಗಿದ್ದು ಹೆಂಗೆ ಸುದ್ದಿ ಆಗ್ತೈತೆ? ಸರಿ ಇರೋದು ಊರ ತುಂಬ ಐತೆ. ಅದನ್ನೆಲ್ಲ ಬರೆಯಾಕೆ ಹೋದ್ರೆ ನಾಲ್ಕು ಪುಟ ಎಲ್ಲಿ ಸಾಕಾಗ್ತೈತೆ?"

ಪಂಚಾಕ್ಷರಪ್ಪ ಆ ಹೊತ್ತು ಊಟ ಮಾಡಲಿಲ್ಲ. ತಿಪ್ಪೇಶಪ್ಪ ಆಗಲೇ ಬಸ್ಸು ಹತ್ತಿದ್ದರು. ತನ್ನ ಅನ್ನ ಹೋಗುವುದರಲ್ಲಿದ್ದರೂ ಇನ್ನೊಬ್ಬರ ಮಾನ ಕಾಯ್ದ ಮನುಷ್ಯ. ಅವರ ಋಣವನ್ನು ನೆನೆದು ಪಂಚಾಕ್ಷರಪ್ಪನವರ ಕಣ್ಣು ತುಂಬಿತು. ಸಂಜೆ ಎದ್ದವರೇ ಟೆಂಟ್ ಸಿನಿಮಾದವರ ಪ್ರಚಾರದ ವ್ಯಾನು ಗೊತ್ತುಮಾಡಿ ಬಂದರು.

ಸೋಮವಾರ ಬೆಳಿಗ್ಗೆ ನ್ಯಾಮತಿಯ ಬೀದಿಗಳಲ್ಲಿ ಮೈಕು ಕೂಗಿತು. ವ್ಯಾನಿನ ಬೋರ್ಡಿನಲ್ಲಿ "ಇಂದೇ ಕೊನೆ" ಎಂದಿದ್ದುದರಿಂದ ಜನ ಕೆಲಸ ಬಿಟ್ಟು ಓಡಿ ಬಂದರು.

"ಮಹಾಜನಗಳೇ! ಟಿವಿ ಗೇಮಿನಲ್ಲಿ ಯಾವ ದೋಷವೂ ಇರಲಿಲ್ಲ. ಕಿಡಿ ಹಾರಿಲ್ಲ. ಹೊಗೆ ಊದಿನಕಡ್ಡಿಯದು. ತಿಪ್ಪೇಶಪ್ಪನವರು ಮೊದಲೇ ಎಚ್ಚರಿಕೆ ಹೇಳಿದ್ದರು. ಕೇಳದೆ ಯಂತ್ರದೊಳಗೆ ವಿಭೂತಿ ತುಂಬಿದವನು ನಾನೇ, ಪಂಚಾಕ್ಷರಪ್ಪ..."

"ಯಾಕ್ರೀ ಸುಳ್ಳು ಹೇಳ್ತೀರಿ?" ವ್ಯಾನಿನೊಳಗಿಂದ ಇನ್ನೊಂದು ದನಿ ಮೈಕಿನಲ್ಲಿ ಮೊಳಗಿತು. ಕೊಟ್ರಮ್ಮನವರು ಮೈಕು ಕಿತ್ತುಕೊಂಡಿದ್ದರು. "ವಿಭೂತಿ ಹಚ್ಚಿದ್ದು ನಾನು. ಇವರು ಒಂದು ದಿನನಾದ್ರೂ ಪೂಜೆ ಮಾಡ್ಯಾರಾ? ಬರೇ ಪೇಪರು ಓದ್ತಾರೆ!"

"ತಪ್ಪು ನನ್ನದು ಕಣೇ, ಬಿಡು ಮೈಕು!"

"ನಂದು ರೀ!"

ತಪ್ಪು ತನ್ನದೆಂದು ಗಂಡ ಹೆಂಡತಿ ಜಗಳವಾಡಿದ್ದನ್ನು ನ್ಯಾಮತಿ ಅದೇ ಮೊದಲು ಕೇಳಿದ್ದು. ಈ ಜಗಳ ಅದೇ ವ್ಯಾನಿನಲ್ಲಿ ಹೊನ್ನಾಳಿಗೂ ಹೋಯಿತು. ಬಸ್ ಸ್ಟ್ಯಾಂಡಿನ ಹಿಂದೆ, ತಿಪ್ಪೇಶಪ್ಪನವರ ಅಂಗಡಿಯ ಮುಂದೆ, ಮೂರು ಸುತ್ತು ಹೊಡೆಯಿತು. ಜನ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರೇ ತಮ್ಮ ಮನೆಯ ಯಂತ್ರಗಳನ್ನು ನೆನೆದು ಗಂಭೀರರಾದರು. ಮರುದಿನ ತಿಪ್ಪೇಶಪ್ಪನವರ ಅಂಗಡಿಯ ಮೆಟ್ಟಿಲಿನಿಂದ ರಸ್ತೆಯವರೆಗೆ ಸಾಲು ಬೆಳೆಯಿತು. ಮಿಕ್ಸಿಯೊಳಗೆ ಕುಂಕುಮ, ಟೇಪ್‌ರೆಕಾರ್ಡರಿನಲ್ಲಿ ಅಕ್ಷತೆ, ಮಹೇಶ್ವರಪ್ಪನವರ ರೇಡಿಯೋದಲ್ಲಿ ಇಡೀ ಒಂದು ಸೇವಂತಿಗೆ. ಲೈನ್‌ಮನ್ ಚಿಕ್ಕಹನುಮಂತಪ್ಪ ತಮ್ಮ ಟಾರ್ಚು ತಂದಿದ್ದರು. ಯಾರನ್ನೂ ತಿಪ್ಪೇಶಪ್ಪ ಒಳಗೆ ಏನಿತ್ತೆಂದು ಕೂಗಿ ನಗೆಪಾಟಲು ಮಾಡಲಿಲ್ಲ. ಎಲ್ಲರಿಗೂ "ಧೂಳು ರೀ" ಎಂದೇ ಹೇಳಿ ಕಳಿಸಿದರು.

ಆ ವಾರ 'ಗ್ರಾಹಕ ಕಹಳೆ'ಯ ತಲೆಬರಹ: "ನ್ಯಾಮತಿ ವ್ಯಾಪಾರಿಗೆ ಚಿತ್ತಭ್ರಮೆ? ಮೈಕಿನಲ್ಲಿ ತಪ್ಪೊಪ್ಪಿಗೆ!" ಸಿದ್ದಲಿಂಗಮ್ಮನವರು ಮತ್ತೆ ಮೂರು ಬಸ್ಸು ಬದಲಿಸಿ ಅಳುತ್ತ ಬಂದರು. ಪಂಚಾಕ್ಷರಪ್ಪ ಸುದ್ದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. ಆ ಹಾಳೆಯ ಮೇಲೇ ಅಕ್ಕನಿಗೆ ಮಂಡಕ್ಕಿ ಸುರಿದು ಕೊಟ್ಟರು.

ಮುಂದಿನ ಆಯುಧಪೂಜೆಯ ದಿನ ಬೆಳಿಗ್ಗೆ ಪೇಪರಿನಲ್ಲಿ ಒಣ ಹವೆ ಎಂದಿತ್ತು. ಪಂಚಾಕ್ಷರಪ್ಪ ಬಾಗಿಲಿಗೆ ಬಂದು, ತಲೆ ಎತ್ತಿ ಆಕಾಶ ನೋಡಿ, ಕೊಡೆ ತಗೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಒಂದೇ ಕೊಡೆಯ ಕೆಳಗೆ ಇಬ್ಬರು ತಿರುಗಿ ಬಂದರು. ತಿಪ್ಪೇಶಪ್ಪ ರೂಢಿಯಂತೆ ಕಟ್ಟೆಯ ಮೇಲೆ ಚೀಲ ಇಡಲು ಹೋದರು.

"ಅಲ್ಲಿ ಬ್ಯಾಡ ಅಣ್ಣಾರೆ, ಒಳಗೆ ಬರ್ರಿ. ಎಲೆ ಹಾಕೈತೆ" ಎಂದು ಕೊಟ್ರಮ್ಮ ಆ ಚೀಲವನ್ನು ತಾವೇ ಎತ್ತಿಕೊಂಡು ಪಡಸಾಲೆಗೆ ನಡೆದರು.

ಪೂಜೆಯ ಮಣೆಯ ಮೇಲೆ ತಕ್ಕಡಿ, ಈಳಿಗೆ ಮಣೆ ಸಾಲಾಗಿದ್ದವು. ಟಿವಿ ಗೇಮು ದೂರದ ಸ್ಟೂಲಿನ ಮೇಲೆ ಹೊದಿಕೆಯಿಲ್ಲದೆ ಗಾಳಿ ತಗೊಳ್ಳುತ್ತಿತ್ತು. ಕೊಟ್ರಮ್ಮನವರು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮಣೆಯ ನಡುವೆ ಇಟ್ಟರು. ಅದರ ಮರದ ಹಿಡಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು, ಮೇಲೊಂದು ಬಿಲ್ವಪತ್ರೆ ಇಟ್ಟರು, ಇಬ್ಬರೂ ಕೈ ಮುಗಿದರು. ತಿಪ್ಪೇಶಪ್ಪ ಎಲೆಯ ಮುಂದೆ ಕೂತರು.

ಊಟದ ನಡುವೆ ಮಜ್ಜಿಗೆ ತರಲು ಎದ್ದ ಪಂಚಾಕ್ಷರಪ್ಪ ಹಳೆಯ ಚಾಳಿಯಂತೆ ಒಮ್ಮೆ ಬಾಗಿಲಾಚೆ ಇಣುಕಿದರು. ಎದುರು ಮನೆಯ ಮುಂದೆ ಗುಡ್ಡೆ ಬಿದ್ದಿತ್ತು. ತಮ್ಮ ಬಾಗಿಲ ಮುಂದೆ ಮೂರು ಜೊತೆ ಚಪ್ಪಲಿ ಇದ್ದವು. ಮಳೆ ಜೋರಾಗಿತ್ತು. ಅವರು ಮೂರನೆಯ ಜೊತೆಯನ್ನು ನೆನೆಯದಂತೆ ಒಳಗೆ ಎತ್ತಿಟ್ಟು, ಮಜ್ಜಿಗೆ ಬಡಿಸಲು ಹೋದರು.